ರೊಟ್ಟಿ ಬಡಿದ ಗಂಡ: ಚಿತ್ತಾಪುರ ತಾಲೂಕಿನ ಒಂದು ಮನೆಯ ಪ್ರಕರಣ

ಈ ಪ್ರಕರಣ ನಮ್ಮ ಹತ್ತಿರ ಬಂದದ್ದು ಹೊಡೆತದ ದೂರಾಗಿ. ಹದಿನೈದು ವರ್ಷದ ಸಂಸಾರದಲ್ಲಿ ಒಂದು ದಿನವೂ ಕೈ ಎತ್ತದ ಗಂಡ, ಅಂಗಳದಲ್ಲಿ ನಾಲ್ಕು ಮಂದಿ ನೋಡುತ್ತಿರುವಾಗ ಹೆಂಡತಿಯ ಕಪಾಳಕ್ಕೆ ಹೊಡೆದಿದ್ದ. ಆಕೆ ಜೇವರ್ಗಿ ಕಡೆಯ ತವರಿಗೆ ಹೋದಳು. ಅಲ್ಲಿಂದ ಆಕೆಯನ್ನು ಕಲಬುರಗಿಗೆ, ನಮ್ಮ ಸಮಾಲೋಚನೆಗೆ ಕರೆತಂದದ್ದು ಆಕೆಯ ಸ್ವಸಹಾಯ ಸಂಘದ ಹಿರಿಯ ಸದಸ್ಯೆ. ಜಗಳ ಯಾವುದರ ಮೇಲೆ ಹತ್ತಿತು ಎಂದು ಕೇಳಿದರೆ ಆಕೆ ಅಂದದ್ದು ಇಷ್ಟೇ: "ರೊಟ್ಟಿ ಮ್ಯಾಲ್ರಿ."

ರೊಟ್ಟಿ ಹೊತ್ತಿಗೆ ಆಗಲಿಲ್ಲ, ಮೆತ್ತಗಾಗಲಿಲ್ಲ ಎಂಬ ಜಗಳಗಳನ್ನು ನಾವು ಬಹಳ ಕೇಳಿದ್ದೇವೆ. ಇದು ಆ ಜಗಳವಲ್ಲ. ಈ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವನು ಗಂಡ, ಮತ್ತು ಅದನ್ನು ಊರೆಲ್ಲ ಫೋನಿನಲ್ಲಿ ನೋಡಿತ್ತು.

ಗಂಡ, ಹೆಂಡತಿ ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಮನೆತನದ ಗುರುತು ಬಿಟ್ಟಿದ್ದೇನೆ. ಗಂಡಸುತನದ ಬಗ್ಗೆ ಸಭೆಗಳಲ್ಲಿ ಮಾತಾಡುವಾಗ ಎಲ್ಲರೂ ಸಿನಿಮಾ, ಸೀರಿಯಲ್, ಮೊಬೈಲ್ ಎಂದು ದೂರುತ್ತಾರೆ. ಆ ದೂರು ಒಂದು ಮನೆಯ ಒಲೆಯ ತನಕ ಹೇಗೆ ಬಂದು ಮುಟ್ಟುತ್ತದೆ, ಅಲ್ಲಿಂದ ಯಾರ ಮೈಮೇಲೆ ಬೀಳುತ್ತದೆ ಎಂಬುದನ್ನು ಈ ಮನೆಯಲ್ಲಿ ನಾನು ಹತ್ತಿರದಿಂದ ಕಂಡೆ.

ಮನೆ

ಗಂಡನಿಗೆ ಮೂವತ್ತೆಂಟರ ಆಸುಪಾಸು. ಹೆಂಡತಿ ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮಗ ಒಂಬತ್ತನೆಯ ಇಯತ್ತೆ, ಮಗಳು ಆರನೆಯದು. ಜೊತೆಗೆ ಗಂಡನ ತಾಯಿ. ಪರಸಿ ಹೊದಿಸಿದ ಎರಡಂಕಣದ ಮನೆ, ಬಾಗಿಲು ನೇರ ಓಣಿಗೆ. ಅಡಿಗೆ ಮನೆ ಅಂತ ಬೇರೆ ಇಲ್ಲ. ಬಾಗಿಲು ತೆರೆದರೆ ಒಲೆ ಕಾಣುತ್ತದೆ. ಮುಂದಿನ ಕತೆಗೆ ಇದು ಮುಖ್ಯ.

ನಾಲ್ಕೆಕರೆ ಮಳೆ ನಂಬಿದ ಕರಿ ಭೂಮಿ, ಹೆಚ್ಚಿನಂಶ ತೊಗರಿ. ನೆಟೆ ರೋಗ ಬಿದ್ದ ವರ್ಷ ಖರ್ಚೂ ಹುಟ್ಟುವುದಿಲ್ಲ. ಹಾಗಾಗಿ ರಾಶಿ ಮುಗಿದ ಮೇಲೆ ಅವನು ಪುಣೆಗೆ ಗುಳೆ ಹೋಗುತ್ತಿದ್ದ, ಸೆಂಟ್ರಿಂಗ್ ಕೆಲಸಕ್ಕೆ. ಕೆಲವು ವರ್ಷದ ಹಿಂದೆ ಬೆನ್ನು ಹಿಡಿದು ಭಾರ ಎತ್ತುವುದು ಆಗದೆ ಗುಳೆ ನಿಂತಿತು. ಮನೆಗೆ ಬರುವ ನಗದು ನಿಂತಿತು.

ಅದೇ ಹೊತ್ತಿಗೆ ಕಲಬುರಗಿಯಲ್ಲಿ ಜೋಳದ ರೊಟ್ಟಿ ಒಂದು ಉದ್ಯಮವಾಗುತ್ತಿತ್ತು. ಜಿಲ್ಲಾಡಳಿತದ ಬೆಂಬಲದಿಂದ ಸ್ವಸಹಾಯ ಸಂಘದ ಹೆಂಗಸರು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರತೊಡಗಿದರು. 2025ರ ಜೂನ್ ತಿಂಗಳ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಇದರ ಪ್ರಸ್ತಾಪ ಮಾಡಿದರು. ದಿನಕ್ಕೆ 3,000ಕ್ಕಿಂತ ಹೆಚ್ಚು ರೊಟ್ಟಿ ಆಗುತ್ತವೆ ಎಂದರು. ನಮ್ಮ ಪ್ರಕರಣದ ಹೆಂಡತಿ ಇಂಥದೇ ಒಂದು ಸಣ್ಣ ಘಟಕಕ್ಕೆ ಸೇರಿದಳು. ನಸುಕಿನ ಬಸ್ಸಿಗೆ ಹೋಗಬೇಕು, ಮಧ್ಯಾಹ್ನ ಕಳೆದು ಮನೆ ಮುಟ್ಟಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ. ಖರ್ಚಿದ್ದರೆ ಈ ಕೆಲಸ ಗಿಟ್ಟುತ್ತಲೇ ಇರಲಿಲ್ಲ ಎಂದು ಆಕೆ ಲೆಕ್ಕ ಹಾಕಿ ತೋರಿಸಿದಳು.

ಮನೆಯ ರೊಟ್ಟಿ ಯಾರು ಮಾಡಬೇಕು? ಮೊದಮೊದಲು ಆಕೆಯೇ ರಾತ್ರಿ ಮಾಡಿಟ್ಟು ಹೋಗುತ್ತಿದ್ದಳು. ಅತ್ತೆಗೆ ಕೀಲು ನೋವು, ಒಲೆ ಮುಂದೆ ಕೂಡಲಾಗದು. ಒಂದು ದಿನ ಗಂಡನೇ "ನೀ ಮಲಕೊ, ಮುಂಜಾನಿ ನಾ ನೋಡಕೋತೀನಿ" ಅಂದ. ಯಾರೂ ಅವನಿಗೆ ಸಮಾನತೆಯ ಪಾಠ ಹೇಳಿರಲಿಲ್ಲ. ಹೆಂಡತಿ ದಣಿದಿದ್ದಳು, ಅವನಿಗೆ ರೊಟ್ಟಿ ಬರುತ್ತಿತ್ತು. ಅಷ್ಟೇ.

ಅವನು ರೊಟ್ಟಿ ಕಲಿತದ್ದು ಪುಣೆಯ ತಗಡಿನ ಶೆಡ್ಡಿನಲ್ಲಿ. ಏಳೆಂಟು ಗಂಡಸರು, ಪಾಳಿ ಮೇಲೆ ಅಡಿಗೆ. ಸೋಲಾಪುರ ಕಡೆಯ ಒಬ್ಬ ಹಿರಿಯ ಕೂಲಿ ಕಲಿಸಿದನಂತೆ. ನಮ್ಮ ಎದುರಿಗೆ ಕೂತು ಅದನ್ನು ಹೇಳುವಾಗ ಅವನ ಕೈ ಮೇಜಿನ ಮೇಲೆ ತಾನೇ ಆಡತೊಡಗಿತು. ನೀರು ಮರಳುವಾಗಲೇ ಹಿಟ್ಟಿಗೆ ಹೊಯ್ಯಬೇಕು, ಆರಿದ ನೀರಿಗೆ ಜೋಳ ಜಿಗಿ ಹಿಡಿಯುವುದಿಲ್ಲ. ಸುಡುವಾಗಲೇ ನಾದಬೇಕು. ಉಂಡೆಯನ್ನು ಅಂಗೈಯಲ್ಲಿ ಚಕ್ಕೆ ಮಾಡಿ, ಕೆಳಗೆ ಒಣ ಹಿಟ್ಟು ಉದುರಿಸಿ, ಬಲಗೈಯಿಂದ ಬಡಿಯುತ್ತ ಎಡಗೈ ಬೆರಳಿನಿಂದ ಅಂಚು ಕಾಯಬೇಕು. ಅಂಚು ಸೀಳಿದರೆ ಹಂಚಿನ ಮೇಲೆ ಉಬ್ಬುವುದಿಲ್ಲ. ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲ್ಮೈ ಸವರಬೇಕು, ನೀರು ಇಂಗುವ ಮುಂಚೆ ತಿರುವಬೇಕು. "ಮಾಲದಂಡಿ ಜೋಳಿದ್ರ ರೊಟ್ಟಿ ತಾನಾ ತಿರುಗ್ತದ್ರಿ ಕೈಯಾಗ" ಅಂದ. ಅವನಿಗೆ ಆ ಕೆಲಸದ ಮೇಲೆ ಹೆಮ್ಮೆಯಿತ್ತು. ಬೇರೆ ಯಾವ ಮಾತು ಆಡುವಾಗಲೂ ಅವನ ಮುಖದಲ್ಲಿ ಆ ಕಳೆ ನಾನು ಕಾಣಲಿಲ್ಲ.

ಸುಮಾರು ಎಂಟು ತಿಂಗಳು ಹೀಗೆ ನಡೆಯಿತು. ಗಂಡ ಮುಂಜಾನೆ ರೊಟ್ಟಿ, ಪಲ್ಯ ಮಾಡಿ ಮಕ್ಕಳಿಗೆ ಕಟ್ಟಿ ಕೊಟ್ಟು ಹೊಲಕ್ಕೆ ಹೋಗುತ್ತಿದ್ದ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ತೊಡಗುವ ಗಂಡಸರ ಸರಾಸರಿ ಮಾತ್ರ, ಒಲೆ ಕಡೆ ತಲೆ ಹಾಕದವರು ಆ ಲೆಕ್ಕದಲ್ಲೇ ಇಲ್ಲ. 2019ರಲ್ಲಿ ಈ ಅಂಕಿ 299 ಮತ್ತು 97 ಇತ್ತು. ಐದು ವರ್ಷದಲ್ಲಿ ಗಂಡಸರ ಪಾಲು ಏರುವ ಬದಲು ಇಳಿದಿದೆ. ಅಂಥ ದೇಶದ ಒಂದು ಹಳ್ಳಿಯಲ್ಲಿ, ಯಾರ ಗದ್ದಲವೂ ಇಲ್ಲದೆ ಈ ಗಂಡ ಮನೆಯ ಅನ್ನದ ಹೊಣೆ ಹೊತ್ತಿದ್ದ. ಓಣಿಯ ಹೆಂಗಸರಿಗೆ ಗೊತ್ತಿತ್ತು. ಅವರು ನಕ್ಕರೂ ಅದರಲ್ಲಿ ಕೊಂಕಿರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ.

ವಿಡಿಯೊ

ಆಮೇಲೆ ಓಣಿಯ ಒಬ್ಬ ಹುಡುಗ, ದೂರದ ಸಂಬಂಧಿ, ತೆರೆದ ಬಾಗಿಲಿನಿಂದ ಅವನು ರೊಟ್ಟಿ ಬಡಿಯುವುದನ್ನು ಫೋನಿನಲ್ಲಿ ಹಿಡಿದ. ಅರ್ಧ ನಿಮಿಷವೂ ಇಲ್ಲ. ಲುಂಗಿ ಎತ್ತಿ ಕಟ್ಟಿ ಕುಕ್ಕರಗಾಲಿನಲ್ಲಿ ಕೂತ ಗಂಡಸು, ಕೈಗೆ ಹಿಟ್ಟು, ಹಣೆಗೆ ಬೆವರು. ಆ ಹುಡುಗ ಮೊದಲು ಅದನ್ನು ಸ್ಟೇಟಸ್‌ಗೆ ಹಾಕಿದ. ನಗುವ ಇಮೋಜಿಗಳು ಬಂದವು. ಮರುದಿನ ಹಿಂದೆ ಒಂದು ಅಬ್ಬರದ ಮ್ಯೂಸಿಕ್ ಹಚ್ಚಿ, ಹೀರೊ ಎಂಟ್ರಿಗೆ ಮಾಡುವ ಹಾಗೆ ನಿಧಾನ ಮಾಡಿ, ಕೊನೆಗೆ ಮ್ಯೂಸಿಕ್ ಕಡಿದು ರೊಟ್ಟಿಯ ಚಟಪಟ ಸಪ್ಪಳ ಮಾತ್ರ ಕೇಳುವಂತೆ ರೀಲ್ ಮಾಡಿದ. ಮೇಲೆ ಬರೆದದ್ದು: "ಇವಂಗೂ ಎರಡು ಸಾವಿರ ಬರ್ತದೇನ್ರೋ?"

2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯ ಮೇಲಿನ ಮಾತು ಅದು. ಶಕ್ತಿ, ಗೃಹಲಕ್ಷ್ಮಿ ಬಂದಾಗಿನಿಂದ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಾತಿಯ ತಮಾಷೆ ನಿಂತೇ ಇಲ್ಲ. ಬಸ್ಸಿನಲ್ಲಿ ಹೆಂಗಸರಿಗೆ ಸೀಟು, ಗಂಡಸು ನಿಂತು ಟಿಕೆಟ್ ತಗೊಳ್ಳುವುದು. ಹೆಂಡತಿಯ ಖಾತೆಗೆ ದುಡ್ಡು, ಗಂಡ ಕೈ ಚಾಚುವುದು. ಹೆಂಗಸಿನ ಕೈಗೆ ಬಂದದ್ದೆಲ್ಲ ಗಂಡಸಿನ ಕೈಯಿಂದ ಹೋದದ್ದು ಎಂಬ ಲೆಕ್ಕ ಆ ತಮಾಷೆಗಳ ತಳದಲ್ಲಿದೆ. ಈ ರೀಲ್ ಆ ಲೆಕ್ಕಕ್ಕೆ ಒಂದು ಮುಖ ಕೊಟ್ಟಿತು, ಊರಿನವರೆಲ್ಲ ಗುರುತಿಸುವ ಮುಖ.

ಮೊದಲು ಊರ ಗುಂಪು, ಆಮೇಲೆ ಪಕ್ಕದ ಊರುಗಳ ಗುಂಪು, ಪುಣೆಯಲ್ಲಿ ಅವನ ಜೊತೆ ಶೆಡ್ಡಿನಲ್ಲಿದ್ದವರ ಗುಂಪಿಗೂ ಹೋಯಿತು. ಅವನ ಕೈಯ ರೊಟ್ಟಿ ತಿಂದವರೇ ನಕ್ಕರು. ಇದು ಅವನನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿತು.

ಕಟ್ಟೆಯ ಮುಂದೆ ಹಾದು ಹೋಗುವಾಗ ಯಾರೂ ಒಂದು ಮಾತು ಆಡಲಿಲ್ಲ. ಎರಡು ಅಂಗೈ ತಟ್ಟಿ ರೊಟ್ಟಿಯ ಸಪ್ಪಳ ಮಾಡುತ್ತಿದ್ದರು. ಒಬ್ಬ ಶುರು ಮಾಡಿದರೆ ಉಳಿದವರು ಸೇರುತ್ತಿದ್ದರು. ಬೈದರೆ ತಿರುಗಿ ಬೈಯಬಹುದು. ಸಪ್ಪಳಕ್ಕೆ ಏನಂತ ಉತ್ತರ ಕೊಡುವುದು? ಶಾಲೆಯಲ್ಲಿ ಮಗನಿಗೂ ಅದೇ ಆಯಿತು. ಅವನು ಕ್ಲಾಸಿನೊಳಗೆ ಕಾಲಿಡುವಾಗ ಹಿಂದಿನ ಬೆಂಚಿನಿಂದ ಚಟಪಟ. ಹದಿನಾಲ್ಕರ ಹುಡುಗ ಮನೆಗೆ ಬಂದು ಅಪ್ಪ ಕಟ್ಟಿದ ಬುತ್ತಿ ತಿಪ್ಪೆಗೆ ಎಸೆದ. ತಾಯಿಗೆ "ನಿನ್ನ ಸಲುವಾಗೇ ಇದೆಲ್ಲ, ನೀ ಕೆಲಸ ಬಿಡು" ಎಂದು ಚೀರಿದ. ವಿಡಿಯೊ ಮಾಡಿದವನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಅಪ್ಪನ ಮೇಲೆ, ಅವ್ವನ ಮೇಲೆ ಬಂತು.

ಗಂಡ ಒಲೆ ಬಿಟ್ಟ. ಕಟ್ಟೆಯ ಮೇಲೆ ಕೂಡತೊಡಗಿದ, ಕುಡಿಯತೊಡಗಿದ, ಮನೆಯಲ್ಲಿ ದನಿ ಎತ್ತತೊಡಗಿದ. ಒಂದು ಸಂಜೆ ಹೆಂಡತಿ ಬಸ್ಸು ತಪ್ಪಿ ತಡವಾಗಿ ಬಂದಳು. ಅಂಗಳದಲ್ಲಿ ಕೂತಿದ್ದ ನಾಲ್ಕು ಜನರಲ್ಲಿ ಒಬ್ಬ "ಬಂದ್ರು ನೋಡು ಯಜಮಾನ್ರು" ಅಂದ. ಗಂಡ ಎದ್ದು ಹೊಡೆದ.

ಹೊಡೆತ

ಆ ಹೊಡೆತದ ಬಗ್ಗೆ ನನ್ನ ತಿಳಿವಳಿಕೆ ಇದು: ಅದು ಆಕೆಗೆ ಹೊಡೆದದ್ದು, ಆದರೆ ಅಂಗಳದವರಿಗೆ ತೋರಿಸಿದ್ದು. ಮನೆಯೊಳಗೆ ಅವರಿಬ್ಬರ ನಡುವೆ ಅಂದು ಜಗಳವೇ ಇರಲಿಲ್ಲ. ರೀಲ್‌ನಲ್ಲಿ ಕಳೆದದ್ದನ್ನು ನೋಡುವವರ ಎದುರಿಗೇ ಗಳಿಸಬೇಕಿತ್ತು. ಹೀಗೆ ಅರ್ಥ ಮಾಡಿಕೊಂಡೆ ಅಂದ ಮಾತ್ರಕ್ಕೆ ಹೊಡೆತ ಹಗುರಾಗುವುದಿಲ್ಲ. ಆಕೆಯ ಕಿವಿಯಲ್ಲಿ ಹಲವು ದಿನ ಗುಂಯ್ ಎನ್ನುವ ಸದ್ದಿತ್ತು. ಅವನು ಎಷ್ಟು ಅವಮಾನ ಪಟ್ಟಿದ್ದ ಎಂಬ ವಿವರಣೆಯನ್ನು ಮೊದಲ ಭೇಟಿಯಲ್ಲಿ ನಾವು ಕೇಳಲಿಲ್ಲ; ಕೇಳಿದ್ದರೆ ಪ್ರಕರಣದ ನಡುಮಧ್ಯೆ ಅವನೇ ಬಂದು ಕೂಡುತ್ತಿದ್ದ.

ಅತ್ತೆ ಅಂದರು: "ಒಂದೇಟು ಹೊಡದ್ರ ಏನಾತ್ರಿ, ಗಂಡಸು ಅಲ್ಲೇನು?" ಮುದುಕಿ ಕೆಟ್ಟವಳಲ್ಲ. ಮಗ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಪಲ್ಯ ಹೆಚ್ಚಿ ಕೊಡುತ್ತಿದ್ದವಳು. ಆದರೆ ಆಕೆಯ ಮಾತು ಆಕೆಯೊಬ್ಬಳದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ ಎಂದು ಕೇಳಿದರು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 77 ಹೆಂಗಸರು, 82 ಗಂಡಸರು ಒಂದಾದರೂ ಕಾರಣಕ್ಕೆ ಹೌದು ಅಂದರು. ಆ ಏಳು ಕಾರಣಗಳಲ್ಲಿ ಒಂದು, ಸರಿಯಾಗಿ ಅಡಿಗೆ ಮಾಡದಿರುವುದು. ನಮ್ಮ ರಾಜ್ಯದ ಈ ಅಂಕಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಡಿಗೆ ಹೆಂಗಸಿನದು ಎಂಬ ನಂಬಿಕೆ, ಹೊಡೆಯುವ ಹಕ್ಕು ಗಂಡಸಿನದು ಎಂಬ ನಂಬಿಕೆ, ಎರಡೂ ಒಂದೇ ಪಾಯದ ಮೇಲೆ ನಿಂತಿವೆ. ಈ ಗಂಡ ಮೊದಲನೆಯದನ್ನು ಮುರಿದಿದ್ದ. ಮುರಿದದ್ದಕ್ಕೆ ಊರು ದಂಡ ಕೇಳಿತು. ಅವನು ಎರಡನೆಯದರಿಂದ ದಂಡ ಕಟ್ಟಿದ.

ನಾಚಿಕೆ ಎಲ್ಲಿತ್ತು?

ಗಂಡನ ಜೊತೆ ಬೇರೆಯಾಗಿ ಕೂತಾಗ ನಾನು ಕೇಳಿದೆ: ಪುಣೆಯಲ್ಲಿ ರೊಟ್ಟಿ ಬಡಿಯುವಾಗ ನಾಚಿಕೆ ಅನಿಸಿತ್ತೇ? ಇಲ್ಲ. ಮನೆಯಲ್ಲಿ ಎಂಟು ತಿಂಗಳು? ಇಲ್ಲ. ಹಾಗಾದರೆ ಯಾವಾಗ? "ಫೋನಿನ್ಯಾಗ ನಾನಾ ನನ್ನ ನೋಡಿದಾಗ್ರಿ." ಕೆಲಸ ಅದೇ, ಕೈ ಅದೇ. ನೋಡುವವರ ಕಣ್ಣಿನಿಂದ ತನ್ನನ್ನು ನೋಡಿಕೊಂಡ ಕೂಡಲೇ ಅದು ಬೇರೆಯಾಯಿತು.

ಊರ ಜಾತ್ರೆಯಲ್ಲಿ ಗೋದಿ ಹುಗ್ಗಿಯ ಕಡಾಯಿ ತಿರುವುವವನು ಇದೇ ಗಂಡ. ಕಟ್ಟೆಯ ಮೇಲೆ ಚಪ್ಪಾಳೆ ತಟ್ಟಿದವರೆಲ್ಲ ಅವನ ಜೊತೆ ಸೌಟು ಹಿಡಿದವರು. ಕಲಬುರಗಿಯ ಶರಣಬಸವೇಶ್ವರರ ಗುಡಿಯ ದಾಸೋಹಕ್ಕೆ ಹೋಗಿ, ಬಂದೇನವಾಜರ ಉರುಸಿನ ಹೊತ್ತಿಗೆ ದರ್ಗಾದ ಕಡೆ ಹೋಗಿ: ದೊಡ್ಡ ಪಾತ್ರೆಯ ಮುಂದೆ ಗಂಡಸರು. ಮದುವೆ ಅಡಿಗೆಯವರು ಗಂಡಸರು. ದೊಡ್ಡಾಟದಲ್ಲಿ ಸೀರೆ ಉಟ್ಟು ಹೆಣ್ಣಿನ ಪಾತ್ರ ಕಟ್ಟಿದ ಗಂಡಸಿನ ಮೇಲೂ ನಮ್ಮ ಊರುಗಳಿಗೆ ಅಭಿಮಾನವೇ ಇದೆ. ದೇವರಿಗೆ, ಸಾವಿರ ಮಂದಿಗೆ, ಪಗಾರಕ್ಕೆ ಮಾಡಿದರೆ ಅಡಿಗೆ ಗಂಡಸಿಗೆ ಒಪ್ಪುತ್ತದೆ. ಮನೆಯ ಸಣ್ಣ ಒಲೆಯ ಮುಂದೆ, ಕೆಲಸಕ್ಕೆ ಹೋದ ಹೆಂಡತಿಗಾಗಿ ಮಾಡಿದರೆ ಒಪ್ಪುವುದಿಲ್ಲ. ಅಡಿಗೆಯಲ್ಲೂ ರೊಟ್ಟಿಯದು ಬೇರೆ ಮಾತು: ನಮ್ಮ ಖಾನಾವಳಿಗಳಲ್ಲಿ ಸಾರು, ಪಲ್ಯಕ್ಕೆ ಗಂಡಸರಿದ್ದರೂ ಮೂಲೆಯಲ್ಲಿ ಕೂತು ರೊಟ್ಟಿ ಬಡಿಯುವವರು ಬಹುತೇಕ ಹೆಂಗಸರೇ. ಹೆಣ್ಣು ನೋಡಲು ಹೋದವರು ಇವತ್ತಿಗೂ ಕೇಳುತ್ತಾರೆ, "ರೊಟ್ಟಿ ಬಡಿಲಾಕ ಬರ್ತದೇನವಾ?"

ಹಾಗಾದರೆ ಇದರಲ್ಲಿ ಮಾಧ್ಯಮದ ಪಾಲೆಷ್ಟು? ಎಲ್ಲವನ್ನೂ ಫೋನಿನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಗೆ ಟಿವಿ ಬಂದದ್ದು ಬೆಂಗಳೂರಿಗೆ ದೂರದರ್ಶನ ಬರುವ ಮೊದಲೇ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮ ತೋರಿಸುವ 'ಸೈಟ್' ಪ್ರಯೋಗ ನಡೆದಾಗ ಕರ್ನಾಟಕದಿಂದ ಆಯ್ದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅತ್ತೆ ಆಗ ಸಣ್ಣ ಹುಡುಗಿ. ತವರೂರಿನಲ್ಲಿ ಇಟ್ಟಿದ್ದ ಟಿವಿ ಆಕೆಗೆ ನೆನಪಿದೆ: "ಗಣಮಕ್ಕಳು ಮುಂದ ಕೂಡೋರು. ನಾವು ಗ್ವಾಡಿಗೆ ಹತ್ತಿ ನಿಂದ್ರತಿದ್ವಿ, ಕೇಳಸ್ತಿತ್ತು, ಕಾಣಸ್ತಿದ್ದಿಲ್ಲ." ಪೆಟ್ಟಿಗೆಯಲ್ಲಿ ಏನು ಬರುತ್ತಿತ್ತು ಎನ್ನುವುದಕ್ಕಿಂತ ಅದರ ಮುಂದೆ ಯಾರು ಎಲ್ಲಿ ಕೂಡಬೇಕು ಎಂಬುದನ್ನು ಊರು ಮೊದಲೇ ನಿಶ್ಚಯಿಸಿತ್ತು. ಇಂದು ಆಕೆ ಮುಂದಿನ ಸಾಲಿನಲ್ಲೇ ಕೂತು ಸಂಜೆಯ ಸೀರಿಯಲ್ ನೋಡುತ್ತಾಳೆ. ಅಲ್ಲಿ ಗಂಡಸು ಅಡಿಗೆ ಮನೆಗೆ ಕಾಲಿಟ್ಟರೆ ಒಂದೋ ಹಾಲು ಉಕ್ಕುತ್ತದೆ, ಇಲ್ಲವೇ ಹಿಟ್ಟು ಮುಖಕ್ಕೆ ಬಳಿದುಕೊಳ್ಳುತ್ತದೆ. ಹೆಂಡತಿ ಬಂದು ನಕ್ಕು ಸೌಟು ಕಸಿದುಕೊಳ್ಳುತ್ತಾಳೆ. ಗಂಡಸು ಸುಮ್ಮನೆ, ಚೆಂದಾಗಿ, ದಿನಾ ಅಡಿಗೆ ಮಾಡುವ ಮನೆ ಒಂದನ್ನಾದರೂ ಸೀರಿಯಲ್‌ನಲ್ಲಿ ನೋಡಿದ್ದೀರಾ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಇಲ್ಲ ಅಂದಳು. ತನ್ನ ಮನೆಯಲ್ಲೇ ಇದ್ದದ್ದನ್ನು ಆಕೆ ಬೇರೆಲ್ಲೂ ನೋಡಿರಲಿಲ್ಲ. ಹಾಗಾಗಿ ಊರು ನಕ್ಕಾಗ ಮಗನ ಪರ ಹೇಳಲು ಆಕೆಯ ಹತ್ತಿರ ಮಾತಿರಲಿಲ್ಲ.

ಮಗನ ಫೋನನ್ನು ಅವನ ಒಪ್ಪಿಗೆ ಪಡೆದು ಜೊತೆಗೆ ಕೂತು ನೋಡಿದೆವು. ರೀಲ್‌ಗಳು ಒಂದರ ಹಿಂದೊಂದು: ಕತ್ತಿ ಹಿಡಿದು ನಿಧಾನ ನಡೆದು ಬರುವ ಹೀರೊ, ಸಿಗರೇಟಿನ ಹೊಗೆ, ಹುರಿಗಟ್ಟಿದ ತೋಳು, "ಗಂಡಸು ಅಳಬಾರದು" ಎನ್ನುವ ದಪ್ಪ ದನಿ, ಹುಡುಗಿಯರನ್ನು ನಂಬಬೇಡಿ ಎನ್ನುವ ಉಪದೇಶ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಂತು, ಆ ವರ್ಷವೇ ಇನ್‌ಸ್ಟಾಗ್ರಾಮ್ ರೀಲ್ಸ್ ಶುರುವಾದಾಗ ಈ ಹುಡುಗ ಎಂಟೊಂಬತ್ತು ವರ್ಷದವನು. ಅವನ ತಿಳಿವಳಿಕೆ ಬೆಳೆದದ್ದೇ ಇದರೊಳಗೆ. ಅಪ್ಪನಿಗೆ ಹೋಲಿಸಿ ನೋಡಲು ಪುಣೆಯ ಶೆಡ್ಡಿತ್ತು, ಜಾತ್ರೆಯ ಕಡಾಯಿ ಇತ್ತು, ಹೊಲವಿತ್ತು. ಮಗನಿಗೆ ಗಂಡಸು ಅಂದರೆ ಹೇಗಿರಬೇಕು ಎಂದು ಹೇಳುವುದು ಹೆಚ್ಚುಕಡಿಮೆ ಒಂದೇ ಕಿಂಡಿ. ಒಂದು ವಿಡಿಯೊ ಪೂರ್ತಿ ನೋಡಿದರೆ ಅಂಥವೇ ಹತ್ತು ತಂದಿಡುವ ಯಂತ್ರ ಅದರ ಹಿಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ಇದನ್ನೇ ನೋಡುತ್ತಾರೆ, ಜಗತ್ತೇ ಹೀಗಿದೆ ಎಂದು ಅವನು ತಿಳಿದಿದ್ದ.

ಜಾಹೀರಾತುಗಳಿಗೆ ಒಂದು ಸ್ವಯಂನಿಯಂತ್ರಣ ಸಂಸ್ಥೆ ಇದೆ, ಆಸ್ಕಿ. ಅದು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೆಣ್ಣು-ಗಂಡಿನ ಸಿದ್ಧಮಾದರಿಗೆ ಹೊಂದದವರನ್ನು ಹಾಸ್ಯದ ಹೆಸರಿನಲ್ಲೂ ಅಣಕಿಸಬಾರದು ಎಂದಿದೆ. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶರಿಗಾಗಿ ತಂದ ಕೈಪಿಡಿಯಲ್ಲಿ ಮನೆಗೆಲಸ ಹೆಂಗಸರದು ಎಂಬಂಥ ನಂಬಿಕೆಗಳನ್ನು ಒಂದೊಂದಾಗಿ ಹೆಸರಿಸಿ ತಪ್ಪೆಂದು ಬರೆದಿದೆ. ಇವೆರಡೂ ನನಗೆ ದೊಡ್ಡ ಹೆಜ್ಜೆಗಳಾಗಿಯೇ ಕಾಣುತ್ತವೆ. ಆದರೆ ಓಣಿಯ ಹುಡುಗನ ರೀಲ್‌ಗೆ ಆಸ್ಕಿಯ ಮಾತು ತಗಲುವುದಿಲ್ಲ, ಕಟ್ಟೆಗೆ ಕೈಪಿಡಿ ಮುಟ್ಟುವುದಿಲ್ಲ. ಈ ಪ್ರಕರಣದಲ್ಲಿ ಮಾಧ್ಯಮ ಅಂದರೆ ದೂರದ ಸ್ಟುಡಿಯೊ ಅಲ್ಲ. ಸಿನಿಮಾ ಕೊಟ್ಟ ಅಳತೆಗೋಲನ್ನು ಪಕ್ಕದ ಮನೆಯವನು ಕೈಗೆತ್ತಿಕೊಂಡು ಇವನನ್ನು ಅಳೆದ.

ಆ ಹುಡುಗನನ್ನೂ ಭೇಟಿಯಾದೆವು. ಇಪ್ಪತ್ತರ ಆಸುಪಾಸು, ಐಟಿಐ ಅರ್ಧಕ್ಕೆ ಬಿಟ್ಟವನು. ಮೊದಲು "ಸುಮ್ನ ಮಜಾಕ್ಕರಿ" ಅಂದ. ಮಾತು ಬೆಳೆದಂತೆ ತೆರೆದುಕೊಂಡ. ಹೊಲ ಎರಡೆಕರೆ, ಕೆಲಸವಿಲ್ಲ. ಮದುವೆಯ ಮಾತು ಬಂದರೆ ಹೆಣ್ಣಿನವರು ಸರ್ಕಾರಿ ನೌಕರಿ ಕೇಳುತ್ತಾರೆ. ಅದುವರೆಗೆ ಅವನ ಯಾವ ವಿಡಿಯೊವನ್ನೂ ಊರ ಹೊರಗಿನವರು ನೋಡಿರಲಿಲ್ಲ; ಇದನ್ನು ಸಾವಿರಾರು ಮಂದಿ ನೋಡಿದರು. ಗಳಿಸದ ಗಂಡಸು ಗಂಡಸೇ ಅಲ್ಲ ಎಂಬ ಮಾತನ್ನು ದಿನಾ ಮನೆಯಲ್ಲಿ ಕೇಳುವವನು ಅವನು. ತನಗೆ ತಗಲಿದ ಅದೇ ಮಾತನ್ನು ಇನ್ನೊಬ್ಬನ ಕಡೆ ತಿರುಗಿಸಿ ಸ್ವಲ್ಪ ದಿನ ಉಸಿರಾಡಿದ. ನನಗೆ ಅವನ ಮೇಲೆ ಸಿಟ್ಟೂ ಇತ್ತು, ಮರುಕವೂ ಬಂತು. ಎರಡನ್ನೂ ಅವನಿಗೆ ಹೇಳಿದೆ.

ಮಗಳು

ಪ್ರಕರಣದ ಕಡತದಲ್ಲಿ ಮೊದಮೊದಲು ಮಗಳ ಹೆಸರು ಒಂದು ಸಾಲಿನಲ್ಲಿತ್ತು, "ಮಗಳು, ಆರನೇ ತರಗತಿ" ಎಂದು. ಮನೆಗೆ ಭೇಟಿ ಕೊಟ್ಟ ದಿನ ಆಕೆಯ ಅಂಗೈ ನೋಡಿದೆ. ಬಲಗೈ ಬೆರಳ ತುದಿಗಳಲ್ಲಿ ಸುಟ್ಟ ಗುಳ್ಳೆಗಳು, ಕೆಲವು ಒಡೆದು ಒಣಗಿದ್ದವು.

ಅಪ್ಪ ಒಲೆ ಬಿಟ್ಟ ದಿನದಿಂದ ರೊಟ್ಟಿಯ ಕೆಲಸ ಈಕೆಯ ಮೇಲೆ ಬಿದ್ದಿತ್ತು. ಹನ್ನೊಂದು ವರ್ಷದ ಕೈಗೆ ಮರಳುವ ನೀರಿನ ಹಿಟ್ಟು ನಾದುವ ಕೆಲಸ. ಯಾರೂ ಆಕೆಗೆ ಹೇಳಿರಲಿಲ್ಲವಂತೆ. ಯಾರಾದರೂ ಮಾಡಲೇಬೇಕಿತ್ತು, ಆಕೆ ಮಾಡಿದಳು. ಅಣ್ಣ ಮೂರು ವರ್ಷ ದೊಡ್ಡವನು, ಬಲಿಷ್ಠ, ಮನೆಯಲ್ಲೇ ಇದ್ದ. ಅವನು ಮಾಡಬಹುದು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ತಾಯಿ ತವರಿಗೆ ಹೋದ ಮೇಲೆ ಶಾಲೆ ತಪ್ಪತೊಡಗಿತು. ಹಾಜರಿ ಪುಸ್ತಕದಲ್ಲಿ ಆಕೆಯ ಗೈರುಹಾಜರಿ ಕಂಡಿತ್ತು, ಆದರೆ ಮನೆಯಲ್ಲಿ ಕಷ್ಟವಿದ್ದಾಗ ಹೆಣ್ಣುಮಗು ಶಾಲೆ ತಪ್ಪಿಸುವುದು ಯಾರಿಗೂ ವಿಚಿತ್ರ ಅನಿಸಲಿಲ್ಲ.

ರೀಲ್ ಮಾಡಿದವನು ಗಂಡಸನ್ನು ಅಣಕಿಸಿದ. ಅದರ ಬೆಲೆ ತೆತ್ತದ್ದು ಹೆಂಡತಿಯ ಕೆನ್ನೆ, ಹೆಂಡತಿಯ ದುಡಿಮೆ, ಮಗಳ ಬೆರಳು, ಮಗಳ ಪಾಠ. ಗಂಡಸುತನದ ಚರ್ಚೆಯಲ್ಲಿ ನಾವು ಗಂಡಸಿನ ನೋವಿನ ಹತ್ತಿರವೇ ನಿಂತುಬಿಡುತ್ತೇವೆ. ಆ ನೋವು ನಿಜ. ಆದರೆ ಅದು ಇಳಿಜಾರು ಹಿಡಿದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡಲೇಬೇಕು. ಈ ಬರಹ ಬರೆಯಲು ನನ್ನನ್ನು ಕೂಡಿಸಿದ್ದು ಈ ಹುಡುಗಿಯ ಕೈ.

ನಾವು ಮಾಡಿದ್ದು

ಮೊದಲ ಕೆಲಸ ಹೆಂಡತಿಯ ಸುರಕ್ಷತೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ರಕ್ಷಣಾಧಿಕಾರಿ, ಸಖಿ ಕೇಂದ್ರ, 181 ಸಹಾಯವಾಣಿ, ಎಲ್ಲವನ್ನೂ ಆಕೆಗೆ ಬಿಡಿಸಿ ಹೇಳಿದೆವು. ದೂರು ಕೊಡುವುದಿಲ್ಲ, ಆದರೆ ಕೊಡುವ ದಾರಿ ತೆರೆದಿರಲಿ ಎಂದಳು. ಮನೆಗೆ ಮರಳಲು ಆಕೆ ಹಾಕಿದ ಷರತ್ತು ನಾವು ಹೇಳಿಕೊಟ್ಟದ್ದಲ್ಲ: "ಹೊಡದದ್ದು ಅಂಗಳದಾಗ. ತಪ್ಪಾತಂತ ಹೇಳೂದೂ ಅಂಗಳದಾಗೇ ಆಗಬೇಕ್ರಿ."

ಗಂಡ ಒಪ್ಪಲು ಬಹಳ ದಿನ ಹಿಡಿಯಿತು. ಹೊಡೆದದ್ದು ತಪ್ಪೆಂದು ನಮ್ಮ ಕೋಣೆಯಲ್ಲಿ ಮೊದಲ ದಿನವೇ ಅತ್ತು ಹೇಳಿದ್ದ. ಅಂಗಳ ಅಂದರೆ ಕೈಕಾಲು ನಡುಗುತ್ತಿತ್ತು. ಕೊನೆಗೆ ಒಂದು ಸಂಜೆ ತಾಯಿ, ಇಬ್ಬರು ಹಿರಿಯರು, ಸಂಘದ ಹೆಂಗಸರ ಎದುರಿಗೆ ಹೇಳಿದ. ಆ ದಿನ ಹೊಡೆತ ನೋಡಿದ ನಾಲ್ವರಲ್ಲಿ ಒಬ್ಬನೇ ಬಂದಿದ್ದ. ಹೆಂಡತಿ "ಇಷ್ಟಕ್ಕ ಒಪ್ಕೊಂಡೀನಿ, ಪೂರಾ ಆಗಿಲ್ಲ" ಅಂದಳು. ಅದನ್ನೇ ಕಡತದಲ್ಲೂ ಬರೆದೆವು.

ರೀಲ್‌ನ್ನು ಆ ಹುಡುಗ ಅಳಿಸಿದ. ಬೇರೆಯವರ ಖಾತೆಗಳಲ್ಲಿ ಉಳಿದದ್ದನ್ನು ವರದಿ ಮಾಡಿದೆವು. ಕೆಲವು ಹೋದವು, ಕೆಲವು ಹೋಗಲಿಲ್ಲ. ವಾಟ್ಸಾಪಿನಲ್ಲಿ ಹಂಚಿಹೋದದ್ದಕ್ಕೆ ದಾರಿಯೇ ಇಲ್ಲ.

ಶಾಲೆಯಲ್ಲಿ ಒಬ್ಬ ಮೇಷ್ಟ್ರು ಬಹಳ ನೆರವಾದರು. ಚಪ್ಪಾಳೆ ತಟ್ಟಿದವರನ್ನು ಬೈಯುವ ಬದಲು, ಒಂದು ವಾರ ತಮ್ಮ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಕೆಲಸ ಮಾಡುತ್ತಾರೆ, ಯಾವಾಗ ಮಲಗುತ್ತಾರೆ ಎಂದು ಬರೆದು ತರಲು ಎಲ್ಲರಿಗೂ ಹೇಳಿದರು. ಆ ಹಾಳೆಗಳನ್ನು ನಾನು ಓದಿದೆ. ಒಬ್ಬ ಹುಡುಗ ಅವ್ವನ ಸಾಲಿನಲ್ಲಿ ಜಾಗ ಸಾಲದೆ ಹಾಳೆಯ ಹಿಂಬದಿಗೆ ಹೋಗಿದ್ದ. ಇನ್ನೊಬ್ಬ, ಕಟ್ಟೆಯ ಮೇಲೆ ತಟ್ಟಿದವರೊಬ್ಬರ ಮಗ, "ನಮ್ಮ ಅಪ್ಪ ಬೆಂಗಳೂರಿನ್ಯಾಗ ತಾನೇ ಅಡಿಗಿ ಮಾಡ್ಕೋತಾನ, ಊರಿಗಿ ಬಂದ್ರ ಮಾಡಂಗಿಲ್ಲ" ಎಂದು ಬರೆದಿದ್ದ. ಮೇಷ್ಟ್ರು ಅದನ್ನು ಹೆಸರು ಹೇಳದೆ ಓದಿ, ಯಾಕಿರಬಹುದು ಎಂದು ಕೇಳಿದರು. ಅಂದು ಕ್ಲಾಸು ಬಹಳ ಹೊತ್ತು ನಡೆಯಿತಂತೆ.

ಈಗ

ಹೆಂಡತಿ ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದಳು. ಗಂಡ ಕುಡಿತ ಪೂರ್ತಿ ಬಿಟ್ಟಿಲ್ಲ, ಕಡಿಮೆಯಾಗಿದೆ, ಕೈ ಎತ್ತಿಲ್ಲ. ಮುಂಜಾನೆಯ ಅಡಿಗೆ ಮತ್ತೆ ಅವನದೇ, ಆದರೆ ರೊಟ್ಟಿ ಬಡಿಯುವುದಿಲ್ಲ. ಗೋದಿ ಹಿಟ್ಟು ತಂದು ಚಪಾತಿ ಲಟ್ಟಿಸುತ್ತಾನೆ. ಯಾಕೆಂದು ಕೇಳಿದರೆ "ಸಪ್ಪಳ ಬರಂಗಿಲ್ರಿ" ಅಂದ. ಜೋಳ ಮನೆಯಲ್ಲೇ ಇದೆ, ಗೋದಿಗೆ ದುಡ್ಡು ಕೊಡಬೇಕು; ಆ ಖರ್ಚನ್ನು ಹೆಂಡತಿ ತನ್ನ ಗಳಿಕೆಯಿಂದ ತುಂಬುತ್ತಿದ್ದಾಳೆ. ಬಾಗಿಲು ಮುಚ್ಚಿಕೊಂಡು ರೊಟ್ಟಿ ಬಡಿಯಲು ಎರಡು ಸಲ ನೋಡಿದನಂತೆ, ಸೆಕೆಗೆ ಆಗಲಿಲ್ಲ.

ಮಗಳು ಶಾಲೆಗೆ ದಿನಾ ಹೋಗುತ್ತಿದ್ದಾಳೆ. ಮಗ ಅಪ್ಪ ಕಟ್ಟಿದ ಬುತ್ತಿ ಒಯ್ಯುತ್ತಾನೆ, ಯಾರು ಮಾಡಿದ್ದೆಂದು ಕೇಳಿದರೆ ಅಜ್ಜಿ ಅನ್ನುತ್ತಾನೆ. ಮುಂದಿನ ಭೇಟಿಯಲ್ಲಿ ಅವನ ಜೊತೆ ಮಾತಾಡುವುದಿದೆ. ತಂಗಿಯ ಎದುರಿಗೇ ಆಗಲಿ ಎಂದು ತಾಯಿ ಕೇಳಿಕೊಂಡಿದ್ದಾಳೆ. ಸಂಘದ ಹೆಂಗಸರು ತಮ್ಮ ಗಂಡಂದಿರನ್ನು ಒಂದು ದಿನ ಘಟಕಕ್ಕೆ ಕರೆಸಿ ಕೆಲಸ ತೋರಿಸಬೇಕು ಎಂದು ನಿಶ್ಚಯಿಸಿದ್ದಾರೆ. ಯಾರು ಯಾರು ಬರಬಹುದು ಎಂಬ ಪಟ್ಟಿಯಲ್ಲಿ ಈ ಗಂಡನ ಹೆಸರನ್ನು ಹೆಂಡತಿಯೇ ಮೊದಲು ಬರೆಸಿದಳು. ಅವನು ಇನ್ನೂ ಹೂಂ ಅಂದಿಲ್ಲ.